ಐದನೇ ನಂಬರಿನ ಡಬ್ಬಿ

ಜೂನ್ 11

ಅಕ್ಕಾ,

ಈ ಸಲ ಕಾಗದ ತಡವಾಯ್ತು, ಮುನಿಸಿಕೊಳ್ಳಬೇಡ. ಇಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ. ಹಾಸ್ಟೆಲಿನ ಹದಿನಾಲ್ಕು ಹುಡುಗಿಯರು ಜ್ವರದಲ್ಲಿ ಮಲಗಿದ್ದಾರೆ. ಮೊದಲ ವಾರ ಮಾಮೂಲಿ ಜ್ವರ ಅಂದುಕೊಂಡೆವು, ಇಳೀಲೇ ಇಲ್ಲ. ಈಗ ನರ್ಸಮ್ಮ ಟೈಫಾಯಿಡ್ ಅಂತಿದ್ದಾರೆ. ಮೂವರನ್ನು ಬೆಟ್ಟದ ಕೆಳಗಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಅದರಲ್ಲಿ ನಾಲ್ಕನೇ ಕ್ಲಾಸಿನ ಗುಬ್ಬಿ ಅನ್ನೋ ಚೋಟುದ್ದದ ಹುಡುಗಿಯ ಸ್ಥಿತಿ ನೋಡೋಕಾಗಲ್ಲ.

ಟೈಫಾಯಿಡ್ ಬರೋದು ಊಟದಿಂದ ಇಲ್ಲ ನೀರಿನಿಂದ ಅಂತ ಅವರು ಹೇಳಿದ ಗಳಿಗೆಯಿಂದ ಇಡೀ ಶಾಲೆ ಅಡುಗೆಮನೆ ಕಡೆ ನೋಡ್ತಿದೆ. ನನ್ನ ಅಡುಗೆಮನೆ ನಿನಗೆ ಗೊತ್ತಲ್ಲ. ನಿಮ್ಮ ಲ್ಯಾಬಿಗಿಂತ ಇದೇ ಚೊಕ್ಕಟ ಅಂತ ಬಂದಾಗ ನೀನೇ ಹೇಳಿದ್ದೆ. ನನ್ನ ಅನುಮಾನ ಎಲ್ಲ ನೀರಿನ ಟ್ಯಾಂಕಿನ ಮೇಲೆ. ಮುಚ್ಚಳ ಬಿರುಕು ಬಿಟ್ಟಿದೆ ಅಂತ ಎರಡು ಸಲ ಆಫೀಸಿಗೆ ಬರೆದುಕೊಟ್ಟಿದ್ದೇನೆ.

ಅಡುಗೆಮನೆಯ ನಮ್ಮ ಏಳು ಜನಕ್ಕೂ ಬೆರಳು ಚುಚ್ಚಿ ಒಂದು ಪಟ್ಟಿಯ ಮೇಲೆ ರಕ್ತ ಹಾಕಿ ನೋಡಿದರು. ನನಗೆ ಏನೂ ಬರಲಿಲ್ಲ. ಗೆರೆ ಮೂಡಿದ್ದು ತರಕಾರಿ ತೊಳೆದು ಹೆಚ್ಚೋ ಹೆಂಗಸಿಗೆ ಮಾತ್ರ. ಜನವರಿಯಲ್ಲಿ ಸೇರಿದವಳು. ಮಾತು ಕಡಿಮೆ, ಅದಕ್ಕೇ ಹುಡುಗಿಯರು ಮೌನಕ್ಕ ಅಂತ ಕರೀತಾರೆ. ದೊಡ್ಡ ಮೇಡಂ ಅವತ್ತೇ ಅವಳನ್ನು ಮನೆಗೆ ಕಳಿಸಿದರು. ಅವಳು ಏಪ್ರನ್ ಮಡಿಸಿ ಸ್ಟೂಲಿನ ಮೇಲಿಟ್ಟು, "ಅಣ್ಣಾ, ನನಗೆ ಈ ವರ್ಷ ಒಂದು ತಲೆನೋವೂ ಬಂದಿಲ್ಲ. ನೀವಾದರೂ ಹೇಳಿ" ಅಂದಳು. ಹಾಲು ಉಕ್ಕೋ ಹೊತ್ತು. ನಾನು ಪಾತ್ರೆ ಕಡೆ ನೋಡ್ತಾ ನಿಂತುಬಿಟ್ಟೆ.

ಸ್ಯಾಂಪಲ್ ಎಲ್ಲ ನಿಮ್ಮ ಲ್ಯಾಬಿಗೇ ಬರುತ್ತಂತೆ. ಸ್ವಲ್ಪ ಬೇಗ ನೋಡಿಬಿಡಿ. ಭಾವನಿಗೆ ಕೇಳಿದೆ ಅಂತ ಹೇಳು.

ನಿನ್ನ ತಮ್ಮ


ಜೂನ್ 17

ಲೋ ಬುರುಡೆ,

ಕಾಗದ ಓದಿದೆ. ಗುಬ್ಬಿಯ ವಿಷಯ ಮಾತ್ರ ಎರಡು ಸಲ ಓದಿದೆ. ನನಗೆ ಜ್ವರ ಬಂದು ಕಿವಿ ಹೋದಾಗ ನಾನೂ ಅಷ್ಟೇ ಚೋಟುದ್ದ ಇದ್ದೆ. ಯಾವ ಕ್ರಿಮಿ ಅಂತ ಡಾಕ್ಟರಿಗೆ ಗೊತ್ತಾಗೋಕೆ ಐದು ದಿನ ಹಿಡೀತು. ಆ ಐದು ದಿನಕ್ಕೆ ಎಡಗಿವಿ ಪೂರ್ತಿ, ಬಲಗಿವಿ ಅರ್ಧ. ಅದರಿಂದ ಒಂದು ಲಾಭವೂ ಆಯ್ತು ಅನ್ನು. ಎಲ್ಲರ ಹಾಗೆ ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಡೋ ಬದಲು ನೀನು ಮೂವತ್ತು ವರ್ಷದಿಂದ ನನಗೆ ಕಾಗದ ಬರೀತಿದ್ದೀಯ.

ಆ ಪಟ್ಟಿ ಪರೀಕ್ಷೆಯನ್ನು ಅಷ್ಟು ನಂಬಬೇಡಿ. ಅದು ಕ್ರಿಮಿಯನ್ನು ನೋಡೋದಿಲ್ಲ. ಕ್ರಿಮಿಯ ಜೊತೆ ಮೈ ಜಗಳ ಆಡಿದ ಗುರುತನ್ನು ನೋಡುತ್ತೆ. ಹಳೇ ಜಗಳವಾದರೂ ಗೆರೆ ಬರಬಹುದು, ಬೇರೆ ಯಾವುದೋ ಜ್ವರಕ್ಕೂ ಬರಬಹುದು. ಕ್ರಿಮಿ ಒಳಗೇ ಇದ್ದರೂ ಬಾರದೆ ಹೋಗಬಹುದು.

ನಾವಿಲ್ಲಿ ಕ್ರಿಮಿಯ ಡಿಎನ್‌ಎಯನ್ನೇ ಹುಡುಕುತ್ತೇವೆ. ಟೈಫಾಯಿಡ್ ಕ್ರಿಮಿಯ ಡಿಎನ್‌ಎಯಲ್ಲಿ ಬೇರೆ ಯಾವ ಜೀವಿಯಲ್ಲೂ ಇಲ್ಲದ ಒಂದು ಸಾಲು ಬರಹ ಇದೆ. ಸ್ಯಾಂಪಲ್ ಡಬ್ಬಿಯಲ್ಲಿ ಅದು ಚೂರೇ ಚೂರು ಇದ್ದರೂ ಸಾಕು. ಯಂತ್ರ ಅದನ್ನು ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಿ ಒಂದನ್ನು ಎರಡು ಮಾಡುತ್ತೆ, ಎರಡನ್ನು ನಾಲ್ಕು. ಒಂದೂವರೆ ಗಂಟೆಯಲ್ಲಿ ಕೋಟಿಗಟ್ಟಲೆ ಆಗುತ್ತೆ, ಪರದೆ ಮೇಲೆ ಗೆರೆ ಮೇಲಕ್ಕೇಳುತ್ತೆ. ಸಾಲೇ ಇಲ್ಲದಿದ್ದರೆ ಗೆರೆ ನೆಲ ಬಿಟ್ಟು ಏಳೋದಿಲ್ಲ. ಸಿಕ್ಕ ಕ್ರಿಮಿಯನ್ನು ಬೆಳೆಸಿ ಅದರ ಪೂರ್ತಿ ಬರಹ ಓದಿದರೆ, ಮಕ್ಕಳಲ್ಲಿರೋದೂ ಟ್ಯಾಂಕಿನಲ್ಲಿರೋದೂ ಒಂದೇ ಮನೆತನದ್ದಾ ಅಂತಲೂ ತಿಳಿಯುತ್ತೆ.

ಇದು ನನ್ನ ತಮ್ಮನ ಅಡುಗೆಮನೆ ಅಂತ ಡಾಕ್ಟರ್ ಮೇಡಂಗೆ ಮೊದಲೇ ಹೇಳಿದೆ. "ಹಾಗಾದರೆ ಈ ಡಬ್ಬಿಗಳನ್ನು ನೀವು ಮುಟ್ಟೋ ಹಾಗಿಲ್ಲ" ಅಂದರು. ಪಕ್ಕದ ಬೆಂಚಿನವಳಿಗೆ ಕೊಟ್ಟಿದ್ದಾರೆ. ಹೆಸರಿರಲ್ಲ, ನಂಬರ್ ಮಾತ್ರ. ನಿಮ್ಮ ಏಳೂ ಜನರ ಮಲದ ಸ್ಯಾಂಪಲ್ ಮೂರು ಸಲ ಬೇಕು, ಯಾಕೆಂದರೆ ಕ್ರಿಮಿ ದಿನಾ ಹೊರಗೆ ಬರೋದಿಲ್ಲ.

ಫಾರ್ಮಿನಲ್ಲಿ 'ಹಿಂದೆ ದೀರ್ಘ ಜ್ವರ ಬಂದಿತ್ತೇ' ಅಂತ ಒಂದು ಪ್ರಶ್ನೆ ಇದೆ. ನಿನ್ನ ಕಾಗದಗಳೆಲ್ಲ ನನ್ನ ಹತ್ತಿರ ತಾರೀಖಿನ ಪ್ರಕಾರ ಇವೆ. ನೀನು ಗಿರಣಿ ಕ್ಯಾಂಟೀನಿನಲ್ಲಿದ್ದ ವರ್ಷ ಏಳು ವಾರ ಒಂದೂ ಕಾಗದ ಇಲ್ಲ. ಆಮೇಲೆ ಶೀತ ಆಗಿತ್ತು ಅಂತ ಬರೆದಿದ್ದೀಯ. ಶೀತ ತಾನೇ?

ಅಕ್ಕ


ಜೂನ್ 22

ಅಕ್ಕಾ,

ನಮ್ಮ ಸ್ಯಾಂಪಲ್ ಪ್ರಸಂಗ ಒಂದು ನಾಟಕ. ನರ್ಸಮ್ಮ ಏಳು ಜನಕ್ಕೂ ಏಳು ಡಬ್ಬಿ ಹಂಚಿದರು. ರೊಟ್ಟಿ ಸುಡೋ ಮುದುಕ ಅದನ್ನು ಮೂಗಿನ ಹತ್ತಿರ ಹಿಡಿದು, "ಇಷ್ಟು ಚಿಕ್ಕದಕ್ಕೆ ಮುಚ್ಚಳ ಬೇರೆ" ಅಂದ. ಮೌನಕ್ಕನ ಮನೆಗೂ ಒಂದು ಕಳಿಸಿದರು. ನನ್ನದು ಐದನೇ ನಂಬರ್. ಮೂರು ಸಲವೂ ಕೊಟ್ಟಿದ್ದಾಯ್ತು, ಇನ್ನು ನೀವುಂಟು ನಿಮ್ಮ ಯಂತ್ರ ಉಂಟು.

ಕ್ಯಾಂಟೀನಿನಲ್ಲಿ ಶೀತಾನೇ. ಇಪ್ಪತ್ತಮೂರು ವರ್ಷದ ಹಿಂದಿನ ಮೂಗು ಸೋರಿದ್ದು ಯಾರಿಗೆ ನೆನಪಿರುತ್ತೆ? ಫಾರ್ಮಿನಲ್ಲಿ 'ಇಲ್ಲ' ಅಂತ ಬರೆದೆ. ನನ್ನ ಆರೋಗ್ಯ ಕಲ್ಲುಗುಂಡು. ಹೆಚ್ಚು ಎಣ್ಣೆ ತಿಂದರೆ ಬಲಪಕ್ಕೆಯಲ್ಲಿ ಗ್ಯಾಸ್ ಹಿಡಿದುಕೊಳ್ಳುತ್ತೆ, ಅಷ್ಟೇ. ಅದು ಈ ವಯಸ್ಸಿನ ಎಲ್ಲ ಅಡುಗೆಯವರಿಗೂ ಇರೋದೇ.

ಒಳ್ಳೇ ಸುದ್ದಿ ಅಂದರೆ ಗುಬ್ಬಿ ವಾಪಸ್ ಬಂದಳು. ಕತ್ತು ಕೋಳಿಮರಿ ಥರ ಆಗಿದೆ, ಬಾಯಿ ಮಾತ್ರ ಮೊದಲಿನದೇ. ಹುಡುಗಿಯರಿಗೆ ಖುಷಿಯಾಗಲಿ ಅಂತ ಭಾನುವಾರದ ಹಣ್ಣಿನ ತಟ್ಟೆ ಮತ್ತೆ ಶುರು ಮಾಡಬೇಕು ಅಂತಿದ್ದೇನೆ. ನಿನಗೆ ಹೇಳಿರಲಿಲ್ಲ ಅನ್ನಿಸುತ್ತೆ. ಮೊದಲೆಲ್ಲ ಇಡೀ ಹಣ್ಣೇ ಕೊಡ್ತಿದ್ದೆವು, ಅರ್ಧ ಕಚ್ಚಿ ಬಿಸಾಡ್ತಿದ್ದರು. ಈ ವರ್ಷದಿಂದ ನಾನೇ ಕೂತು ಕಲ್ಲಂಗಡಿಯಲ್ಲಿ ದೋಣಿ, ಸೇಬಿನಲ್ಲಿ ಹಕ್ಕಿ ಕೊರೀತೀನಿ. ಬೇರೆ ಯಾರಿಗೂ ಚಾಕು ಕೊಡೋದಿಲ್ಲ. ತಟ್ಟೆ ನಿಮಿಷದಲ್ಲಿ ಖಾಲಿ.

ತಮ್ಮ


ಜುಲೈ 1

ತಮ್ಮಾ,

ಇಲ್ಲಿ ಎಲ್ಲ ಸೌಖ್ಯ. ಅಡುಗೆಮನೆ ನಲ್ಲಿ ಸೋರ್ತಿತ್ತು, ನಿಮ್ಮ ಭಾವ ರಿಪೇರಿ ಮಾಡಿದರು. ಈಗ ಎರಡು ಕಡೆ ಸೋರುತ್ತೆ. ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವನಿಗೆ ನಲ್ಲಿ ಯಾವ ಲೆಕ್ಕ ಅಂತ ಇನ್ನೂ ಸ್ಪ್ಯಾನರ್ ಹಿಡಿದು ಓಡಾಡ್ತಿದ್ದಾರೆ.

ಹಣ್ಣಿನ ತಟ್ಟೆ ಸದ್ಯಕ್ಕೆ ಬೇಡ. ಇಡೀ ಹಣ್ಣೇ ಕೊಡು, ಅವರವರೇ ಸುಲಿದುಕೊಳ್ಳಲಿ. ಒಲೆ ಮೇಲೆ ಬೇಯದ ಯಾವುದನ್ನೂ ನೀನು ಮುಟ್ಟಬೇಡ. ಕಾಗದ ತಲುಪೋದು ತಡವಾಗುತ್ತೆ ಅಂತ, ಸದ್ಯ ಹೆಚ್ಚಿದ ಹಣ್ಣು ಯಾರೂ ಕೊಡೋದು ಬೇಡ ಅಂತ ಡಾಕ್ಟರ್ ಮೇಡಂ ಕೈಯಲ್ಲಿ ನಿಮ್ಮ ದೊಡ್ಡ ಮೇಡಂಗೂ ಫೋನ್ ಮಾಡಿಸಿದ್ದೇನೆ. ಎರಡು ವಾರ ರಜೆ ಹಾಕಿ ಇಲ್ಲಿಗೆ ಬಾ. ಭಾವನಿಗೂ ಜೊತೆಯಾಗುತ್ತೆ.

ಅಕ್ಕ


ಜುಲೈ 5

ಅಕ್ಕನಿಗೆ,

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಹದಿನಾಲ್ಕು ಮಕ್ಕಳು ಮಲಗಿ ಎದ್ದಿರೋ ಹೊತ್ತಿನಲ್ಲಿ ನಲ್ಲಿ ವಿಷಯ ಬರೆದಿದ್ದೀಯ. ಆಮೇಲೆ ಹಣ್ಣು ಮುಟ್ಟಬೇಡ, ರಜೆ ಹಾಕು. ಟ್ಯಾಂಕಿನ ಬಗ್ಗೆ ಒಂದಕ್ಷರ ಇಲ್ಲ. ದೊಡ್ಡ ಮೇಡಂ ಅನುಮಾನಪಟ್ಟರೆ ಅದು ಅವರ ಕೆಲಸ, ಸಹಿಸಿಕೊಳ್ಳಬಹುದು. ನನ್ನ ಅಡುಗೆಮನೆ ಕೊಳಕು ಅಂತ ನೀನೂ ತೀರ್ಮಾನ ಮಾಡಿದ್ದೀಯ ಅಂದರೆ ಏನು ಹೇಳಲಿ. ಉಗುರು ಕತ್ತರಿಸದೆ ಒಬ್ಬರನ್ನೂ ಒಳಗೆ ಬಿಟ್ಟವನಲ್ಲ ನಾನು. ರಜೆ ಹಾಕೋದಿಲ್ಲ. ಓಡಿಹೋದ ಅಂತಾರೆ.

ಇದನ್ನು ಇಲ್ಲಿಗೇ ನಿಲ್ಲಿಸಿ ಅಂಚೆಗೆ ಹಾಕಬೇಕು ಅಂತಿದ್ದೆ. ಅಷ್ಟರಲ್ಲಿ ದೊಡ್ಡ ಮೇಡಂ ಕರೆಸಿದರು. ಮೇಜಿನ ಮೇಲೆ ನಿಮ್ಮ ಲ್ಯಾಬಿನ ರಿಪೋರ್ಟ್ ಇತ್ತು. ಟ್ಯಾಂಕಿನ ನೀರಿನಲ್ಲಿ ಏನೂ ಇಲ್ಲ. ಮೌನಕ್ಕನದು ಎರಡನೇ ನಂಬರ್, ಏನೂ ಇಲ್ಲ.

ಐದನೇ ನಂಬರಿನಲ್ಲಿ ಇದೆ.

ತಮ್ಮ


ಜುಲೈ 9

ನನ್ನ ಪುಟ್ಟ ತಮ್ಮನಿಗೆ,

ಮೊದಲು ಇದನ್ನು ಓದು, ಆಮೇಲೆ ಉಳಿದದ್ದು. ಇದು ಕೊಳಕಿನಿಂದ ಬಂದದ್ದಲ್ಲ. ಇದಕ್ಕೆ ಮದ್ದಿದೆ. ನೀನು ಮತ್ತೆ ಒಲೆ ಮುಂದೆ ನಿಲ್ಲಬಹುದು.

ಟೈಫಾಯಿಡ್ ಬಂದು ಹೋದ ನೂರು ಜನರಲ್ಲಿ ಎರಡು ಮೂರು ಜನರೊಳಗೆ ಕ್ರಿಮಿ ಉಳಿದುಬಿಡುತ್ತೆ. ಪಿತ್ತಕೋಶದಲ್ಲಿ ಬಿಡಾರ ಹೂಡುತ್ತೆ. ಅಲ್ಲಿ ಕಲ್ಲಿದ್ದರಂತೂ ಅದಕ್ಕೆ ಅರಮನೆ. ಇಟ್ಟುಕೊಂಡವನಿಗೆ ಜ್ವರ ಇಲ್ಲ, ಸುಸ್ತಿಲ್ಲ. ಯಾವತ್ತೋ ಒಂದು ದಿನ ಹೊರಗೆ ಬರುತ್ತೆ, ಎಷ್ಟು ತೊಳೆದ ಕೈಯಲ್ಲೂ ಒಂದೊಂದು ಸಲ ಉಳಿಯುತ್ತೆ. ಬೆಂದ ಅಡುಗೆಯಲ್ಲಿ ಸಾಯುತ್ತೆ, ಅದಕ್ಕೇ ಇಷ್ಟು ವರ್ಷ ಯಾರಿಗೂ ಏನೂ ಆಗಲಿಲ್ಲ. ಹೆಚ್ಚಿಟ್ಟ ಹಣ್ಣಿನಲ್ಲಿ ಬದುಕುತ್ತೆ.

ಹದಿನಾಲ್ಕರಲ್ಲಿ ಹನ್ನೊಂದು ಹುಡುಗಿಯರಿಂದ ಸಿಕ್ಕ ಕ್ರಿಮಿಯ ಬರಹ, ಐದನೇ ಡಬ್ಬಿಯದು, ಎರಡೂ ಅಕ್ಷರ ಬಿಡದ ಹಾಗೆ ಒಂದೇ. ಡಾಕ್ಟರ್ ಮೇಡಂ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ, "ನಿಮಗೆ ಗೊತ್ತಿತ್ತಾ?" ಅಂದರು.

"ಮೆಷಿನ್ನಿಗಿಂತ ಮೊದಲೇ ಗೊತ್ತಾಗಿತ್ತು ಮೇಡಂ" ಅಂದೆ.

ನಿಜ ಕಣೋ. ಬಲಪಕ್ಕೆಯ ಗ್ಯಾಸ್, ಈ ವರ್ಷ ಶುರುವಾದ ಹಣ್ಣಿನ ತಟ್ಟೆ, ಆ ಏಳು ವಾರ. ನಿನ್ನ ಜೂನ್ 22ರ ಕಾಗದ ಓದಿ ಮುಗಿಸಿದಾಗಲೇ ಲೆಕ್ಕ ಕೂಡಿಬಿಡ್ತು. ಊಹೆಯನ್ನು ನಿನಗೆ ಬರೆಯೋ ಧೈರ್ಯ ಬರಲಿಲ್ಲ. ಅದಕ್ಕೇ ನಲ್ಲಿ ವಿಷಯ ಬರೆದೆ. ಕ್ಷಮಿಸು.

ಇನ್ನೊಂದು ಮಾತು. ಮೌನಕ್ಕನ ಮನೆಗೆ ಹೋಗಿದ್ದೀಯಾ?

ಅಕ್ಕ


ಆಗಸ್ಟ್ 2

ಅಕ್ಕಾ,

ಬರೆಯೋಕೆ ಕೂತು ಎಷ್ಟು ಹಾಳೆ ಹರಿದೆನೋ. ರಿಪೋರ್ಟ್ ಬಂದ ದಿನದಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ.

ಕ್ಯಾಂಟೀನಿನಲ್ಲಿ ಆದದ್ದು ಶೀತ ಅಲ್ಲ. ಒಂದು ತಿಂಗಳು ಜ್ವರ. ಡಾಕ್ಟರು ಟೈಫಾಯಿಡ್ ಅಂದರು, ಹದಿನಾಲ್ಕು ದಿನದ ಮಾತ್ರೆ ಕೊಟ್ಟರು. ಆರನೇ ದಿನ ಜ್ವರ ಬಿಡ್ತು. ನನ್ನ ಜಾಗಕ್ಕೆ ಬೇರೆಯವನನ್ನು ತರ್ತಾರೆ ಅಂತ ಸುದ್ದಿ ಬಂತು. ಏಳನೇ ದಿನ ಮಾತ್ರೆ ಬಿಟ್ಟು ಕೆಲಸಕ್ಕೆ ಹೋದೆ. ನಿನಗೆ ಬರೆದರೆ ಓಡಿ ಬರ್ತೀಯ, ಟೈಫಾಯಿಡ್ ಬಂದವನು ಅಂತ ತಿಳಿದರೆ ಯಾರೂ ಅಡುಗೆಗೆ ಸೇರಿಸಲ್ಲ, ಅಂತ ಬಾಯಿ ಮುಚ್ಚಿಕೊಂಡೆ. ಆಮೇಲೆ ನಾನೇ ಅದನ್ನು ಶೀತ ಅಂತ ನಂಬಿಬಿಟ್ಟೆ. ನೀನು ಚಿಕ್ಕಂದಿನಿಂದ ಬುರುಡೆ ಅಂತ ಕರೆದದ್ದು ಸುಮ್ಮನೆ ಅಲ್ಲ.

ಮೌನಕ್ಕನ ಮನೆಗೆ ಹೋಗೋಕೆ ಹತ್ತು ದಿನ ಬೇಕಾಯ್ತು. ಎರಡು ಸಲ ಅವಳ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಮೂರನೇ ಸಲ ಅವಳೇ ನೋಡಿಬಿಟ್ಟಳು. ಒಗೆದ ಬಟ್ಟೆ ಹರವುತ್ತಿದ್ದಳು.

"ಒಳಗೆ ಬನ್ನಿ ಅಣ್ಣಾ" ಅಂದಳು.

"ಇಲ್ಲಮ್ಮ, ಇಲ್ಲೇ ಹೇಳ್ತೀನಿ. ಆ ಕಾಯಿಲೆ ನನ್ನಿಂದ ಬಂದದ್ದು. ನಿನ್ನಿಂದ ಅಲ್ಲ."

"ಗೊತ್ತು. ನರ್ಸಮ್ಮ ಹೇಳಿ ಕಳಿಸಿದರು."

"ಅವತ್ತು ನೀನು ನನ್ನ ಕಡೆ ನೋಡಿದಾಗ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮನಸ್ಸಿನೊಳಗೆ, ಸದ್ಯ ನಾನಲ್ಲ ಅಂದುಕೊಂಡೆ."

ಅವಳು ಒಂದು ಸೀರೆ ಕೊಡವಿ, ಎರಡು ಕಡೆಯೂ ಸಮ ಮಾಡಿ ಹರವಿದಳು. ಆಮೇಲೆ, "ನೀರು ತರೋಕೆ ಹೋದರೆ ಪಕ್ಕದ ಮನೆಯವರು ಕೊಡ ಸರಿಸಿಕೊಳ್ಳೋರು ಅಣ್ಣಾ. ಒಂದು ತಿಂಗಳು. ಅದು ಹೇಗಿರುತ್ತೆ ಅಂತ ನಿಮಗೂ ಈಗ ಗೊತ್ತಾಗಿರಬೇಕು" ಅಂದಳು. ಬೈದಿದ್ದರೆ ತಡೆದುಕೊಳ್ತಿದ್ದೆ. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ.

ಅಲ್ಲಿಂದ ಸೀದಾ ದೊಡ್ಡ ಮೇಡಂ ಹತ್ತಿರ ಹೋದೆ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ನಾನೇ ಎದ್ದು ನಿಂತು ಹೇಳಿದೆ. ಯಾರಿಂದ ಬಂತು, ಯಾರಿಂದ ಬರಲಿಲ್ಲ, ಎರಡನ್ನೂ. ಮೌನಕ್ಕನನ್ನು ಮತ್ತೆ ಕರೆಸಿ, ನಾನು ವಾಪಸ್ ಬರೋವರೆಗೆ ಅಡುಗೆಮನೆ ಅವಳ ಕೈಗೆ ಕೊಡಿ ಅಂತ ಕೇಳಿಕೊಂಡೆ. ಕೊಟ್ಟರು.

ಈಗ ಹೇಳು, ಮದ್ದಿಗೆ ಯಾವತ್ತು ಬರಲಿ?

ತಮ್ಮ


ಆಗಸ್ಟ್ 8

ಬುರುಡೆ,

ಇವತ್ತೇ ಹೊರಡು. ಸ್ಕ್ಯಾನಿಂಗಿಗೆ ಹೆಸರು ಬರೆಸಿದ್ದೇನೆ. ನಾಲ್ಕು ವಾರ ಮಾತ್ರೆ, ಕಲ್ಲಿದ್ದರೆ ಪಿತ್ತಕೋಶ ತೆಗೀತಾರೆ, ಮೂರು ಸಣ್ಣ ತೂತು ಅಷ್ಟೇ. ಈ ಸಲ ಮಾತ್ರೆ ನಾನೇ ಎಣಿಸಿ ಕೊಡ್ತೀನಿ. ಬಾಯಿ ತೆರೆದು ತೋರಿಸಬೇಕು.

ನೀನು ಪ್ರಾರ್ಥನೆಯಲ್ಲಿ ಎದ್ದು ನಿಂತ ಭಾಗವನ್ನು ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟು, "ಅವನ ಹಾಸಿಗೆ ಕಿಟಕಿ ಪಕ್ಕ ಹಾಕು, ಗಾಳಿ ಬರುತ್ತೆ" ಅಂದರು. ಅವರು ಹೊಗಳೋದು ಹೀಗೇ.

ಅಕ್ಕ


ಅಕ್ಟೋಬರ್ 4

ಅಕ್ಕಾ,

ಸುಖವಾಗಿ ಬಂದು ಸೇರಿದೆ. ಹೊಲಿಗೆ ಜಾಗ ತುರಿಸುತ್ತೆ, ಬೇರೇನೂ ಇಲ್ಲ. ಏಳು ವಾರ ಕೂರಿಸಿ ಅನ್ನ ಹಾಕಿದ್ದೀಯ, ಇದಕ್ಕೆ ಥ್ಯಾಂಕ್ಸ್ ಅಂದರೆ ನೀನು ಬೈತೀಯ. ಡಾಕ್ಟರು ನನ್ನ ಒಳಗಿಂದ ತೆಗೆದ ಕಲ್ಲುಗಳನ್ನು ಭಾವ ಬಾಟಲಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸ್ತಿದ್ದಾರಲ್ಲ, ದಯವಿಟ್ಟು ನಿಲ್ಲಿಸು.

ಮೂರು ಸ್ಯಾಂಪಲ್, ತಿಂಗಳಿಗೊಂದು. ಅಲ್ಲಿವರೆಗೆ ಅಡುಗೆಮನೆಯ ಹೊಸಿಲು ದಾಟಬಾರದು. ದೊಡ್ಡ ಮೇಡಂ ಲೈಬ್ರರಿಯಲ್ಲಿ ಹರಿದ ಪುಸ್ತಕ ಅಂಟಿಸೋ ಕೆಲಸ ಕೊಟ್ಟಿದ್ದಾರೆ. ಹುಡುಗಿಯರು ಹೇಗೆ ನೋಡ್ತಾರೋ ಅಂತ ತಲೆ ತಗ್ಗಿಸಿಕೊಂಡೇ ಕೂತಿದ್ದೆ. ಎರಡನೇ ದಿನ ಗುಬ್ಬಿ ಒಂದು ನಕ್ಷೆ ಪುಸ್ತಕ ತಂದು, "ಇದರಲ್ಲಿ ಒಂದು ಸಮುದ್ರವೇ ಕಿತ್ತುಹೋಗಿದೆ" ಅಂದಳು. ನಾನು ಸಮುದ್ರ ಅಂಟಿಸಿಕೊಟ್ಟೆ. ಅವಳು ಅಲ್ಲೇ ಕೂತು, ಆಸ್ಪತ್ರೆಯಲ್ಲಿ ತನಗೆ ಎಷ್ಟು ಸೂಜಿ ಚುಚ್ಚಿದರು, ನನಗೆ ಎಷ್ಟು ಚುಚ್ಚಿದರು ಅಂತ ಹೋಲಿಸಿ ನೋಡಿದಳು. ಅವಳದೇ ಹೆಚ್ಚು. ತುಂಬಾ ಖುಷಿಪಟ್ಟಳು.

ಮಧ್ಯಾಹ್ನ ಅಡುಗೆಮನೆಯ ವಾಸನೆ ಲೈಬ್ರರಿವರೆಗೂ ಬರುತ್ತೆ. ಒಗ್ಗರಣೆ ಯಾವ ಗಳಿಗೆಯಲ್ಲಿ ಬಿತ್ತು ಅಂತ ಕೂತಲ್ಲೇ ಗೊತ್ತಾಗುತ್ತೆ. ಮೌನಕ್ಕ ಚೆನ್ನಾಗಿ ಮಾಡ್ತಿದ್ದಾಳೆ. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತೆ, ನಿನ್ನ ಹತ್ತಿರ ಇನ್ನು ಏನೂ ಮುಚ್ಚಿಡೋದಿಲ್ಲ.

ತಮ್ಮ


ಡಿಸೆಂಬರ್ 29

ತಮ್ಮಾ,

ಮೂರನೇ ಸ್ಯಾಂಪಲ್ ಇವತ್ತು ಯಂತ್ರಕ್ಕೆ ಹೋಯ್ತು. ನಿಯಮ ನಿಯಮವೇ ಅಂತ ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಒಂದೂವರೆ ಗಂಟೆ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೇನೆ, ಹೊರಗೆ ಕೂತವರ ಒಂದೂವರೆ ಗಂಟೆ ಇಷ್ಟು ಉದ್ದ ಅಂತ ಇವತ್ತು ಗೊತ್ತಾಯ್ತು.

ಡಾಕ್ಟರ್ ಮೇಡಂ ತಾವೇ ಎದ್ದು ಬಂದರು. ನನ್ನ ಬಲಗಿವಿ ಹತ್ತಿರ ಬಗ್ಗಿ ಏನೋ ಹೇಳಿದರು. ಕೇಳಿಸಲಿಲ್ಲ. ಆಮೇಲೆ ಕೈಹಿಡಿದು ಒಳಗೆ ಕರಕೊಂಡು ಹೋಗಿ ಪರದೆ ತೋರಿಸಿದರು. ಗೆರೆ ಈ ತುದಿಯಿಂದ ಆ ತುದಿವರೆಗೆ ನೆಲಕ್ಕಂಟಿಕೊಂಡು ಮಲಗಿತ್ತು. ನಾಲ್ಕು ದಿನ ಮೊದಲೇ ಬೆಳೆಸೋಕೆ ಇಟ್ಟಿದ್ದ ತಟ್ಟೆಯಲ್ಲೂ ಏನೂ ಬೆಳೆದಿಲ್ಲ. ಮೂರಕ್ಕೆ ಮೂರೂ ಶುದ್ಧ.

ಪಕ್ಕದ ಬೆಂಚಿನವಳು ನನಗೆ ಕರ್ಚೀಫ್ ಕೊಟ್ಟಳು. ಬೇಡ ಅಂದೆ, ಆಮೇಲೆ ತಗೊಂಡೆ.

ಅಕ್ಕ


ಜನವರಿ 7

ಅಕ್ಕಾ,

ನಿನ್ನೆ ರಜೆ ಮುಗಿದು ಶಾಲೆ ತೆರೀತು. ದೊಡ್ಡ ಮೇಡಂ ರಿಪೋರ್ಟ್ ನೋಡಿ, ಅಡುಗೆಮನೆ ಮತ್ತೆ ನೀವೇ ವಹಿಸಿಕೊಳ್ಳಿ ಅಂದರು. ನಾನು ಬೇಡ ಅಂದೆ. ಮೌನಕ್ಕನೇ ಮುಖ್ಯಸ್ಥಳಾಗಿರಲಿ, ನನಗೆ ಒಲೆ ಪಕ್ಕದ ಕೆಲಸ ಸಾಕು, ಹಸಿ ಹಣ್ಣು ತರಕಾರಿ ನಾನು ಮುಟ್ಟಲ್ಲ. ಯಂತ್ರದ ಮೇಲೆ ಅಪನಂಬಿಕೆ ಇಲ್ಲ. ನನ್ನ ಮನಸ್ಸಿನ ಸಮಾಧಾನಕ್ಕೆ.

ಹನ್ನೊಂದೂವರೆಗೆ ಅಡುಗೆಮನೆಗೆ ಹೋದೆ. ಮೌನಕ್ಕ ಬಾಗಿಲಲ್ಲೇ ನಿಲ್ಲಿಸಿ, "ಕೈ ತೋರಿಸಿ" ಅಂದಳು. ಎರಡೂ ಕೈ ಹಿಂದೆ ಮುಂದೆ ತಿರುಗಿಸಿ ತೋರಿಸಿದೆ. ಉಗುರು ನೋಡಿದಳು.

"ಸರಿ ಇದೆ. ಕೆಲಸ ನಾಳೆಯಿಂದ. ಇವತ್ತು ಹೋಗಿ ಊಟದ ಹಾಲ್‌ನಲ್ಲಿ ಕೂತ್ಕೊಳ್ಳಿ" ಅಂದಳು.

"ಕೂತು ಏನು ಮಾಡಲಿ?"

"ಊಟ ಮಾಡಿ ಅಣ್ಣಾ. ಬೇರೆ ಏನು ಮಾಡ್ತಾರೆ?"

ಇಪ್ಪತ್ತೆರಡು ವರ್ಷ ಆ ಹಾಲ್‌ಗೆ ಪಾತ್ರೆ ಹೊತ್ತು ಹೋಗಿದ್ದೇನೆ, ಬೆಂಚಿನ ಮೇಲೆ ಒಂದು ದಿನವೂ ಕೂತಿರಲಿಲ್ಲ. ನಾಲ್ಕನೇ ಕ್ಲಾಸಿನವರ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ಮೊಣಕಾಲು ಮೇಜಿಗೆ ತಾಗ್ತಿತ್ತು. ಮೌನಕ್ಕ ತಾನೇ ಬಂದು ಬಡಿಸಿದಳು. ನಾನು ನಿಧಾನಕ್ಕೆ ಊದಿ ಊದಿ ತಿನ್ನೋದನ್ನು ಗುಬ್ಬಿ ನೋಡ್ತಾನೇ ಇದ್ದಳು.

"ಯಾಕೆ ಮಾಮ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ಕಣೇ. ಬಿಸಿ ಇದೆ. ಎಲ್ಲರದೂ ಮುಗಿದ ಮೇಲೆ ಆರಿದ್ದನ್ನೇ ತಿಂದು ಅಭ್ಯಾಸ ನನಗೆ."

ಅವಳು ತನ್ನ ತಟ್ಟೆ ಬದಿಗೆ ಸರಿಸಿ, "ಹಾಗಾದರೆ ನಿಧಾನಕ್ಕೇ ತಿನ್ನಿ, ನಾನು ಕಾಯ್ತೀನಿ" ಅಂತ ಗಲ್ಲಕ್ಕೆ ಕೈ ಕೊಟ್ಟು ಕೂತಳು. ಕೊನೇ ತುತ್ತಿನವರೆಗೂ ಎದ್ದು ಹೋಗಲಿಲ್ಲ.

ನಿನ್ನ ತಮ್ಮ